ಸೊಂಟದ ಮೂಳೆ ಹೊತ್ತು ಬಂದ ಡಾಕ್ಟರರು

ಡಾಕ್ಟರರು ಅಹಮದಾಬಾದಿನಲ್ಲಿ ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಮೈಸೂರಿನ ಒಂದು ಮದುವೆಮನೆಯಲ್ಲಿ. ಅಹಮದಾಬಾದಿನ ಸಂಶೋಧನಾ ಸಂಸ್ಥೆಯೊಂದರಿಂದ ನಿವೃತ್ತರಾಗಿ ಬಂದಿದ್ದ ಪರಿಚಿತರೊಬ್ಬರು ಪಾಯಸ ಬಡಿಸಿಕೊಳ್ಳುತ್ತಾ, "ನಿಮ್ಮ ಮೂಳೆ ಡಾಕ್ಟ್ರು ಹೋದರಂತಲ್ಲ" ಅಂದರು. ಅವರ ಪಾಲಿಗೆ ಅದು ಊಟದ ನಡುವಿನ ಮಾತು. ನಾನು ಅರ್ಧ ಊಟಕ್ಕೇ ಎಲೆ ಮಡಿಚಿದೆ.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಹೆಸರು ಅಚ್ಚಾಗುವುದು ಅವರಿಗೆ ಸೇರುತ್ತಿರಲಿಲ್ಲ. ಗುಣವಾದ ರೋಗಿಯ ಕಡೆಯವರು ಪತ್ರಿಕೆಯಲ್ಲಿ ಹಾಕಿಸುತ್ತೇವೆಂದು ಬಂದರೆ, "ನನ್ನ ಕೈಯಾಗ ಕೆಟ್ಟವರ ಪಟ್ಟೀನೂ ಹಾಕಸ್ತೀರೇನು?" ಎಂದು ಕೇಳಿ ಕಳಿಸಿಬಿಡುತ್ತಿದ್ದರು.

ವಿಜಾಪುರದ ಕಡೆಯವರು. ಎತ್ತರದ ಆಳು, ಸ್ವಲ್ಪ ಮುಂದೆ ಬಾಗಿದ ಭುಜ, ತೋಳು ಮಡಿಚಿದ ಬಿಳಿ ಅಂಗಿ. ಗುಜರಾತಿನಲ್ಲಿ ಇಷ್ಟು ವರ್ಷ ಇದ್ದರೂ ಬೇಳೆಗೆ ಬೆಲ್ಲ ಹಾಕುವುದನ್ನು ಅವರು ಕ್ಷಮಿಸಿರಲಿಲ್ಲ. ಸಜ್ಜೆಯ ರೊಟ್ಟಿಯೊಂದನ್ನು ಮಾತ್ರ ಮೆಚ್ಚಿಕೊಂಡಿದ್ದರು. ರೋಗಿ ಒಳಗೆ ಬಂದರೆ ಕೂರಿಸುತ್ತಿರಲಿಲ್ಲ. "ಬಾಗಿಲಾ ತನಕ ನಡದು ಹೊಳ್ಳಿ ಬರ್ರಿ" ಎನ್ನುವರು. ರೋಗಿ ನಡೆಯುವಾಗ ಹಿಂದಿನಿಂದ ಸೊಂಟವನ್ನೇ ನೋಡುವರು. ಗುಣವಾಗುತ್ತದೆ ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ. "ನೋಡೂಣು" ಎನ್ನುತ್ತಿದ್ದರು. ಆ ಒಂದು ಪದಕ್ಕೆ ನಾನು ಎಷ್ಟು ಹೆದರಿದ್ದೇನೆಂದು ಮುಂದೆ ಹೇಳುತ್ತೇನೆ.

ಅರವತ್ತರ ದಶಕದ ನಡುಭಾಗ. ವಡೋದರಾವನ್ನು ನಾವೆಲ್ಲ ಬರೋಡಾ ಎಂದೇ ಕರೆಯುತ್ತಿದ್ದ ಕಾಲ. ನಾನು ಅಲ್ಲಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಅಧ್ಯಾಪಕ. ಕಬ್ಬಿಣ, ಕಾಂಕ್ರೀಟು, ಮರ, ಏನನ್ನಾದರೂ ಎಳೆದು, ಒತ್ತಿ, ತಿರುಚಿ, ಅದು ಎಷ್ಟು ಭಾರಕ್ಕೆ ಮುರಿಯುತ್ತದೆಂದು ನೋಡುವ ಯಂತ್ರಗಳ ಪ್ರಯೋಗಾಲಯ ನನ್ನ ವಶದಲ್ಲಿತ್ತು. ಒಂದು ಮಧ್ಯಾಹ್ನ, ಆಗ ಬರೋಡಾದ ಆಸ್ಪತ್ರೆಯಲ್ಲಿದ್ದ ಡಾಕ್ಟರರು ಒದ್ದೆ ಬಟ್ಟೆ ಮುಚ್ಚಿದ ಬಕೆಟ್ಟೊಂದನ್ನು ಹಿಡಿದು ಒಳಗೆ ಬಂದರು.

"ಇಲ್ಲೆ ಕನ್ನಡದ ಮಾಸ್ತರ್ ಒಬ್ಬರು ಇದ್ದಾರಂತ ಕೇಳಿದೆ. ನೀವ ಏನು?"

"ಕನ್ನಡದವನೇ. ಆದರೆ ಕಲಿಸೋದು ಮೆಕ್ಯಾನಿಕಲ್."

"ಅದೂ ಗೊತ್ತದ. ಇದನ್ನ ಮುರದು ಕೊಡ್ರಿ."

ಬಟ್ಟೆ ಸರಿಸಿದರು. ಒಳಗೆ ಮನುಷ್ಯನ ಸೊಂಟದ ಮೂಳೆ ಇತ್ತು. ಬಿಳಿಯದಲ್ಲ, ಹಳದಿ ಬಣ್ಣದ್ದು, ಇನ್ನೂ ಕಟ್ಟುನಾರುಗಳು ಅಂಟಿಕೊಂಡಿದ್ದದ್ದು. ಮೂಲೆಯಲ್ಲಿ ಕೆಲಸ ಮಾಡುತ್ತಿದ್ದ ವಿದ್ಯಾರ್ಥಿಗಳು ಸದ್ದಿಲ್ಲದೆ ಹೊರಗೆ ನಡೆದರು.

"ಅಂಜಬ್ಯಾಡ್ರಿ. ಅನಾಟಮಿ ವಿಭಾಗದವರ ಕಡೆ ಕೇಳಿ ತಂದೀನಿ, ಕೆಲಸ ಮುಗದ ಮ್ಯಾಲ ತಿರುಗಿ ಕೊಡಬೇಕು. ಬಟ್ಟಿ ಒಣಗದಂಗ ನೋಡ್ಕೋಬೇಕು ಮಾತ್ರ. ಒಣಗಿದ ಮೂಳಿ ಬ್ಯಾರೇನ ಹೇಳ್ತದ."

ಆಮೇಲೆ ಅದನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು ಪಾಠ ಹೇಳಿದರು. ಬೆನ್ನೆಲುಬಿನ ಬುಡದಲ್ಲಿ ತ್ರಿಕೋನದ ಒಂದು ಮೂಳೆ. ಅದರ ಎರಡು ಬದಿಗೆ ಸೊಂಟದ ಅಗಲ ಮೂಳೆಗಳು. ಅವು ಕೂಡುವ ಜಾಗವೇ ಸ್ಯಾಕ್ರೋಇಲಿಯಾಕ್ ಕೀಲು. ಮೈಯ ಮೇಲುಭಾಗದ ಭಾರವೆಲ್ಲ ಅದರ ಮೂಲಕವೇ ಕಾಲಿಗಿಳಿಯಬೇಕು. ಮೊಣಕಾಲಿನಂತೆ ಮಡಿಸುವ ಕೀಲಲ್ಲ. ಕೂದಲೆಳೆಯಷ್ಟು ಅಲುಗುತ್ತದೆ, ಅಷ್ಟೇ.

"ನಮ್ಮ ವಿಜಾಪುರದ ಕಮಾನು ನೋಡೀರೇನು? ನಡುವಿನ ಕಲ್ಲು ಭಾರ ಬಿದ್ದಷ್ಟೂ ಗಟ್ಟಿ ಕೂಡ್ತದ. ಇದೂ ಹಂಗ ಅಂತ ನಾ ತಿಳದಿದ್ದೆ. ಆದರ ಮಾಸ್ತರ್, ಈ ಕಮಾನು ನಡೀತದ. ಅದನ್ನ ನಾ ಲೆಕ್ಕಕ್ಕ ಹಿಡದಿರಲಿಲ್ಲ."

ಮೂಳೆಯನ್ನು ಮತ್ತೆ ಬಕೆಟ್ಟಿಗೆ ಇಳಿಸಿ, "ಒಬ್ಬ ಮನಷ್ಯಾನ್ನ ಕೆಡಿಸೀನಿ" ಎಂದರು.

ಆ ಮನುಷ್ಯ ಸುರತ್‌ನ ವರಾಛಾದಲ್ಲಿ ವಜ್ರ ಉಜ್ಜುವ ಮಗನ್‌ಭಾಯಿ. ಏಣಿಯಿಂದ ಬಿದ್ದು ಅವನ ಬಲಗಡೆಯ ಕೀಲು ಕೆಟ್ಟಿತ್ತು. ಡಾಕ್ಟರರು ಎರಡು ಸ್ಕ್ರೂ ಹಾಕಿ ಅದನ್ನು ಬಿಗಿದಿದ್ದರು. ಕೆಲವು ತಿಂಗಳು ಚೆನ್ನಾಗಿದ್ದ. ವಜ್ರ ಉಜ್ಜುವ ಚಕ್ರದ ಮುಂದೆ ಮತ್ತೆ ಕೂತ ಮೇಲೆ ಸ್ಕ್ರೂಗಳು ಸಡಿಲಾದವು, ಸುತ್ತಲಿನ ಮೂಳೆಯನ್ನು ತಿಂದವು. ಅವನ್ನು ತೆಗೆದುಹಾಕಬೇಕಾಯಿತು. ಈಗ ಅವನ ಸ್ಥಿತಿ ಮೊದಲಿಗಿಂತ ಹದಗೆಟ್ಟಿತ್ತು. ಸ್ಕ್ರೂ ಗಟ್ಟಿ, ಮೂಳೆ ಗಟ್ಟಿ, ಹಾಕಿದ ಕೈಯೂ ಪಳಗಿದ್ದೇ. ಮತ್ತೆ ಯಾಕೆ ಸಡಿಲಾಯಿತು? ಈ ಪ್ರಶ್ನೆಯನ್ನು ಬಕೆಟ್ಟಿನಲ್ಲಿಟ್ಟುಕೊಂಡು ಅವರು ನನ್ನಲ್ಲಿಗೆ ಬಂದಿದ್ದರು.

ಮೊದಲ ಪ್ರಯೋಗದಲ್ಲಿ ಉತ್ತರ ಸಿಗಲಿಲ್ಲ. ಮಗನ್‌ಭಾಯಿಗೆ ಹಾಕಿದಂತೆಯೇ ಸ್ಕ್ರೂ ಹಾಕಿ, ಮೇಲಿನಿಂದ ನೇರ ಭಾರ ಕೊಟ್ಟರೆ ಕೀಲು ಜಪ್ಪಯ್ಯ ಅಂದರೂ ಕದಲಲಿಲ್ಲ. ಡಾಕ್ಟರರ ಮುಖ ಇನ್ನೂ ಕಪ್ಪಿಟ್ಟಿತು. ತಪ್ಪು ಸಿಕ್ಕಿದ್ದರೆ ಅವರಿಗೆ ಸಮಾಧಾನವಾಗುತ್ತಿತ್ತು.

"ನಾಳೆ ಸುರತ್‌ಗೆ ಹೊಂಟೀನಿ. ನೀವೂ ಬರ್ರಿ" ಎಂದರು.

ತಿಂಗಳಿಗೊಮ್ಮೆ ಅವರು ಹೀಗೆ ಬೆಳಗಿನ ರೈಲು ಹತ್ತಿ ಮಗನ್‌ಭಾಯಿಯನ್ನು ನೋಡಲು ಹೋಗುತ್ತಿದ್ದರೆಂದು ನನಗೆ ಗೊತ್ತಾದದ್ದು ಅವತ್ತೇ. ಸುರತ್ ಸ್ಟೇಷನ್ನಿನ ಹತ್ತಿರ ಉಡುಪಿ ಕಡೆಯ ಭಟ್ಟರ ಹೋಟೆಲು. ಅವರು ಇಡ್ಲಿ ತಂದಿಟ್ಟು, "ಆ ಜನ ನಿಮ್ಮನ್ನು ಬೈಯುತ್ತಾರೆ ಮಾರಾಯ್ರೆ. ಪ್ರತೀ ಸಲ ಯಾಕೆ ಹೋಗುವುದು?" ಎಂದು ಕೇಳಿದರು. ಡಾಕ್ಟರರು, "ಬೈಸ್ಕೊಳ್ಳಾಕ" ಎಂದು ಕೈ ತೊಳೆಯಲು ಎದ್ದರು.

ವರಾಛಾದ ಕಾರ್ಖಾನೆಯೆಂದರೆ ಒಂದು ಉದ್ದನೆಯ ಕೋಣೆ. ತಿರುಗುವ ಚಕ್ರಗಳ ಸುತ್ತ ನೆಲದ ಮೇಲೆ ಕೂತ ಜನ. ಮಗನ್‌ಭಾಯಿ ಬಾಗಿಲ ಬಳಿ ಎತ್ತರದ ಸ್ಟೂಲಿನ ಮೇಲೆ ಒಂದೇ ಬದಿಗೆ ಭಾರ ಹಾಕಿ ಕೂತು ಕಲ್ಲು ವಿಂಗಡಿಸುತ್ತಿದ್ದ. ಉಜ್ಜುವ ಜಾಗದಲ್ಲಿ ಅವನ ತಮ್ಮ ಕೂತಿದ್ದ.

"ತಮೇ ಪಾಛಾ ಆವ್ಯಾ?" ಎಂದ ಮಗನ್‌ಭಾಯಿ. ಮತ್ತೆ ಬಂದಿರಾ? ಅಷ್ಟೇ. ಮುಖ ಎತ್ತಲಿಲ್ಲ.

ಡಾಕ್ಟರರ ಕಣ್ಣು ತಮ್ಮನ ಮೇಲೆ ನೆಟ್ಟಿತ್ತು. ಅವನು ಒಂದು ಕಾಲು ಮಡಿಚಿ, ಇನ್ನೊಂದು ಮೊಣಕಾಲು ಎತ್ತಿ, ಇಡೀ ಮೈಯನ್ನು ಒಂದು ಕಡೆಗೆ ತಿರುಚಿ, ಆ ತಿರುಚಿದ ಮೈಯ ಭಾರದಿಂದ ಕಲ್ಲನ್ನು ಚಕ್ರಕ್ಕೆ ಒತ್ತುತ್ತಿದ್ದ. ಡಾಕ್ಟರರು ಅಲ್ಲೇ ಅವನ ಹಿಂದೆ ನೆಲದ ಮೇಲೆ ಕೂತುಬಿಟ್ಟರು. ಎಲ್ಲರೂ ಕೆಲಸ ನಿಲ್ಲಿಸಿ ನೋಡುವಷ್ಟು ಹೊತ್ತು ಕೂತರು. ಎದ್ದವರು ಮಗನ್‌ಭಾಯಿಯ ಹತ್ತಿರ ಬಂದು ಹಿಂದಿಯಲ್ಲಿ, ಇನ್ನೊಂದು ಸಲ ಶಸ್ತ್ರಕ್ರಿಯೆ ಮಾಡಿದರೆ ಸರಿಹೋಗಬಹುದು ಎಂದರು. ಅವನು ಆಗ ತಲೆಯೆತ್ತಿದ.

"ಸರಿಹೋಗಬಹುದು? ಮೊದಲು ಯಾರಿಗಾದರೂ ಮಾಡಿ ತೋರಿಸಿ, ಸಾಹೇಬ್. ನನ್ನ ಮೇಲೆ ಇನ್ನು ಕಲಿಯಬೇಡಿ."

ವಾಪಸು ಬರುವ ರೈಲು ಭರೂಚಿನ ಸೇತುವೆ ದಾಟಿದ ಮೇಲೆ ಡಾಕ್ಟರರು, "ಅವ ನಿಂತಾಗ ನೋಡಿದ್ದೆ, ಮಲಗಿದಾಗ ನೋಡಿದ್ದೆ. ಕೂತು ದುಡಿಯೂದು ನೋಡಿರಲಿಲ್ಲ, ಮಾಸ್ತರ್" ಎಂದರು.

ಆಮೇಲಿನ ಪ್ರಯೋಗಗಳಲ್ಲಿ ನಾವು ಭಾರವನ್ನು ಒಂದೇ ಕಾಲಿನ ಕಡೆಯಿಂದ ಕೊಟ್ಟೆವು. ಆಗ ಮೂಳೆ ಬರೀ ಕೆಳಗಿಳಿಯಲಿಲ್ಲ, ತಿರುಗಿತು. ಹತ್ತಿರ ಹತ್ತಿರ ಹಾಕಿದ ಎರಡು ಸ್ಕ್ರೂಗಳು ಬಾಗಿಲಿನ ತಿರುಗಣಿಯಂತೆ ಆದವು; ಮೂಳೆ ಅವುಗಳ ಸುತ್ತಲೇ ಆಡತೊಡಗಿತು. ಒಂದನ್ನು ಮೇಲೆ, ಇನ್ನೊಂದನ್ನು ಸಾಕಷ್ಟು ಕೆಳಗೆ ಹಾಕಿದಾಗ ಆ ಆಟ ನಿಂತಿತು. ಕೀಲಿಗೆ ಅಡ್ಡಲಾಗಿ ಮೂಳೆಯದೇ ಒಂದು ಬೆಣೆ ಕೂರಿಸಿದಾಗ ಇನ್ನೂ ಬಿಗಿಯಾಯಿತು. ನಾನು ಹಿಗ್ಗಿದೆ. ಡಾಕ್ಟರರು ಹಿಗ್ಗಲಿಲ್ಲ.

"ನಿಮ್ಮ ಯಂತ್ರ ಒಂದ ಸಲ ಒತ್ತತದ. ಮನಷ್ಯಾ ದಿನಾ ನಡೀತಾನ. ಸತ್ತ ಮೂಳಿಗೆ ಹಿಡದದ್ದು ಬದುಕಿದ ಮೂಳಿಗೆ ಹಿಡೀತದೋ ಇಲ್ಲೋ, ನೋಡೂಣು."

ಅವತ್ತು ಸಂಜೆ ಕಾಫಿಗೆಂದು ಅವರನ್ನು ಗೋರ್ವಾ ಕಡೆಯ ನಮ್ಮ ಮನೆಗೆ ಕರೆದುಕೊಂಡು ಹೋದೆ. ನನ್ನ ಹೆಂಡತಿ ಲಲಿತಾ ಲೋಟಗಳನ್ನು ಇಟ್ಟು ಅಡುಗೆಮನೆಗೆ ತಿರುಗಿದಳು. ಡಾಕ್ಟರರು ಕಾಫಿ ಮುಟ್ಟಲಿಲ್ಲ.

"ತಂಗೀ, ಒಂದ ನಿಮಿಷ. ಎಡಗಾಲ ಮ್ಯಾಲ ಅಷ್ಟ ನಿಲ್ಲು."

ಅವಳು ಗೋಡೆ ಹಿಡಿದು ಬಲಗಾಲೆತ್ತಲು ಹೋಗಿ ಅರ್ಧದಲ್ಲೇ ಬಿಟ್ಟಳು. ಮುಖ ಬೆವರಿತ್ತು. ಮಗಳು ಹುಟ್ಟಿದಂದಿನಿಂದ ಅವಳಿಗೆ ಸೊಂಟ ನೋವು. ಬಾಣಂತಿತನದ ನೋವು, ತಾನಾಗಿ ಹೋಗುತ್ತದೆ ಎಂದು ನೋಡಿದ ವೈದ್ಯರೆಲ್ಲ ಹೇಳಿದ್ದರು. ಮಗಳಿಗೆ ಎರಡು ತುಂಬಿದರೂ ಹೋಗಿರಲಿಲ್ಲ.

ಡಾಕ್ಟರರು ಅವಳನ್ನು ಮೊದಲು ಒಂದು ಕಾಲಿನ ಮೇಲೆ, ಆಮೇಲೆ ಇನ್ನೊಂದರ ಮೇಲೆ ನಿಲ್ಲಿಸಿ ಎಕ್ಸ್‌ರೇ ತೆಗೆಸಿದರು. ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದರು. ಸೊಂಟದ ಮುಂಭಾಗದಲ್ಲಿ ಎರಡು ಮೂಳೆ ಸೇರುವ ಕಡೆ ಸರಿಸಮ ಇರಬೇಕಾದದ್ದು, ಎಡಗಾಲಿನ ಮೇಲೆ ನಿಂತಾಗ ಮೆಟ್ಟಿಲಿನಂತೆ ಏರುಪೇರಾಗಿತ್ತು. ಹಿಂದಿನ ಕೀಲು ಹಿಡಿತ ಬಿಟ್ಟರೆ ಮುಂದೆ ಹೀಗಾಗುತ್ತದೆ. ಅವರು ನನಗೆ ವಿವರಿಸಬೇಕಾಗಿರಲಿಲ್ಲ. ಅದೇ ಜರುಗಾಟವನ್ನು ನನ್ನ ಯಂತ್ರದ ಬಾಯಿಯಲ್ಲಿ ನಾನು ಎಷ್ಟೋ ಸಲ ನೋಡಿದ್ದೆ.

ಪಟ್ಟಿ ಕಟ್ಟಿ ನೋಡಿದರು. ವ್ಯಾಯಾಮ ಹೇಳಿಕೊಟ್ಟರು. ಕೀಲಿಗೆ ಮರಗಟ್ಟಿಸುವ ಸೂಜಿಮದ್ದು ಕೊಟ್ಟಾಗ ಅರ್ಧ ದಿನ ನೋವೇ ಇರಲಿಲ್ಲ. ನೋವಿನ ಮೂಲ ಅದೇ ಎಂಬುದು ಅದರಿಂದ ಖಚಿತವಾಯಿತು. ಆದರೆ ಶಸ್ತ್ರಕ್ರಿಯೆಯ ಮಾತೆತ್ತಿದರೆ ಡಾಕ್ಟರರು ಎದ್ದು ನಿಲ್ಲುತ್ತಿದ್ದರು.

"ಆಗೂದಿಲ್ಲ. ಈ ಹೊಸಾ ರೀತಿ ಯಾರಿಗೂ ಮಾಡಿಲ್ಲ. ನಿಮ್ಮ ಮನೀ ಮಂದಿಗೇ ಮೊದಲ ಮಾಡಾಕ ನನ್ನ ಕೈ ಏಳೂದಿಲ್ಲ."

ಒಂದು ದಿನ ಲಲಿತಾ ಅವರ ಎದುರಿಗೇ ಕೇಳಿದಳು.

"ಡಾಕ್ಟ್ರೇ, ನನ್ನ ಮಗು ಪಕ್ಕದ ಮನೆಯವರ ಸೊಂಟದ ಮೇಲೆ ಬೆಳೀತಾ ಇದೆ. ಅವರನ್ನ 'ಬಾ' ಅಂತ ಕರೆಯುತ್ತೆ. ಇಲ್ಲಿ ಬಾ ಅಂದ್ರೆ ಅಮ್ಮ. ನಾನು ಕೂತಲ್ಲಿಂದ ಬಾ, ಬಾ ಅಂತ ಕೂಗಿದ್ರೆ ನನ್ನ ಹತ್ರ ಬರಲ್ಲ, ಅವರ ಮನೆಗೆ ಓಡುತ್ತೆ. ನೀವು ಯಾರಿಗಾದ್ರೂ ಮೊದಲು ಮಾಡ್ಲೇಬೇಕಲ್ಲ. ನನಗೇ ಮಾಡಿ."

ಡಾಕ್ಟರರು ನನ್ನ ಕಡೆ ನೋಡಿದರು. ನನ್ನ ಸ್ಥಿತಿ ಹೇಳತೀರದು. ಎಲ್ಲ ಗಂಡಂದಿರಂತೆ ನಾನೂ ಏನೂ ತಿಳಿಯದವನಾಗಿದ್ದರೆ, ದೇವರ ಮೇಲೆ ಭಾರ ಹಾಕಿ ಹೂಂ ಅನ್ನಬಹುದಿತ್ತು. ಮೂಳೆ ಬಿರಿಯುವಾಗ ಬರುವ ಸದ್ದು ನನಗೆ ಗೊತ್ತಿತ್ತು. ಆದರೂ ಹೂಂ ಅಂದೆ.

ಶಸ್ತ್ರಕ್ರಿಯೆ ಬೆಳಿಗ್ಗೆ ಶುರುವಾಯಿತು. ನಾನು ಆಸ್ಪತ್ರೆಯ ಪಡಸಾಲೆಯ ಬೆಂಚಿನ ಮೇಲೆ ಕೂತಿದ್ದೆ. ಬಿಸಿಲು ಬೆಂಚಿನ ಕಾಲಿನಿಂದ ನನ್ನ ಮಂಡಿಗೆ ಏರಿತ್ತು. ಬಾಗಿಲು ತೆರೆಯಿತು. ಡಾಕ್ಟರರು ಹೊರಗೆ ಬರಲಿಲ್ಲ. ಹೊಸ್ತಿಲ ಒಳಗೇ ನಿಂತರು. ಮುಖಕ್ಕೆ ಬಟ್ಟೆ, ಕೈಗವಸು ಹಾಕಿದ ಎರಡೂ ಕೈಗಳು ಎದೆಯ ಮುಂದೆ ಎತ್ತಿ ಹಿಡಿದದ್ದು. ಕೈಗವಸಿನ ಮೇಲಿದ್ದ ರಕ್ತ ಯಾರದೆಂದು ನನ್ನ ತಲೆಗೆ ಹೊಳೆಯಲು ಒಂದು ಗಳಿಗೆ ಬೇಕಾಯಿತು.

"ಮಾಸ್ತರ್, ಅಲ್ಲೇ ನಿಂತು ಕೇಳ್ರಿ, ಹತ್ತರ ಬರಬ್ಯಾಡ್ರಿ. ಮ್ಯಾಲಿನ ಸ್ಕ್ರೂ ಛಲೋ ಕೂತದ. ಕೆಳಗಿಂದು ಹಿಡೀವಲ್ದು. ಅಲ್ಲೆ ಮೂಳಿ ಮಿದು ಅದ, ಸುಮ್ಮನ ತಿರಗತದ. ಎರಡನೇದು ಮ್ಯಾಲ, ಮೊದಲಿನದರ ಬಾಜೂಕ ಹಾಕಲ್ಯಾ? ಅಲ್ಲೆ ಹಿಡೀತದ."

ಅಲ್ಲಿ ಹಿಡಿಯುತ್ತದೆ. ಮಗನ್‌ಭಾಯಿಗೂ ಹಿಡಿದಿತ್ತು.

"ಬೇಡ" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಮತ್ತೆ ಜೋರಾಗಿ ಹೇಳಿದೆ. "ಬೇಡ ಡಾಕ್ಟರೇ. ಒಂದೇ ಇರಲಿ. ಬೆಣೆ ದೊಡ್ಡದಾಗಿ ಹಾಕಿ, ಆದಷ್ಟು ಕೆಳಗೆ ಅಡ್ಡಲಾಗಿ ಕೂರಿಸಿ. ತಿರುಗೋದನ್ನ ಅದು ತಡೆಯುತ್ತೆ."

"ಬೆಣಿ ಬೆಸೀಲಿಕ್ಕೆ ತಿಂಗಳುಗಟ್ಟಲೆ ಬೇಕು. ಅಲ್ಲೀ ತನಕ ಎದಿಯಿಂದ ಮೊಣಕಾಲಿನ ತನಕ ಪ್ಲಾಸ್ಟರ್. ತಡಕೋತಾಳೇನು?"

"ತಡ್ಕೋತಾಳೆ."

ಅವರು ತಲೆಯಾಡಿಸಿದರು. ಬಾಗಿಲು ಮುಚ್ಚಿತು. ನಾನು ನಿಂತಲ್ಲೇ ನಿಂತಿದ್ದೆ. ಅದನ್ನು ಹೇಳಿದ್ದು ಇಂಜಿನಿಯರನೋ ಗಂಡನೋ, ಇವತ್ತಿಗೂ ನನಗೆ ತಿಳಿಯದು.

ಎಷ್ಟೋ ದಿನಗಳಾದ ಮೇಲೆ ಅವರನ್ನು ಕೇಳಿದೆ: "ನಿಮಗೆ ಉತ್ತರ ಗೊತ್ತಿತ್ತಲ್ಲ, ನನ್ನನ್ನು ಯಾಕೆ ಕೇಳಿದಿರಿ?"

"ಗೊತ್ತಿತ್ತು. ಸುರತ್‌ನವಗ ಮಾಡಿದಾಗೂ ನನಗ ಎಲ್ಲಾ ಗೊತ್ತಿತ್ತು" ಎಂದರು.

ಬರೋಡಾದ ಬೇಸಿಗೆಯಲ್ಲಿ ಪ್ಲಾಸ್ಟರಿನೊಳಗೆ ಮಲಗುವುದೆಂದರೆ ಏನೆಂದು ಅನುಭವಿಸಿದವರಿಗೇ ಗೊತ್ತು. ಲಲಿತಾ ಒಂದು ದಿನವೂ ಅತ್ತವಳಲ್ಲ. ಬೆವರು ಇಳಿದು ಒಳಗೆ ಕಡಿಯುವಾಗ ಮಾತ್ರ ಹಲ್ಲು ಕಚ್ಚುತ್ತಿದ್ದಳು. ಎರಡನೆಯ ವಾರ ಜ್ವರ ಬಂತು. ಡಾಕ್ಟರರು ಪ್ಲಾಸ್ಟರಿನಲ್ಲಿ ಕಿಂಡಿ ಕೊರೆದು ಗಾಯ ನೋಡಿದರು. ಕೆಂಪಾಗಿತ್ತು, ಊದಿತ್ತು. ಕೀವು ಒಳಗಿಳಿದರೆ ಸ್ಕ್ರೂ, ಬೆಣೆ ಎರಡನ್ನೂ ತೆಗೆಯಬೇಕು. ಆಮೇಲೆ ಮಾಡಲು ಏನೂ ಉಳಿಯುವುದಿಲ್ಲ.

"ಏನಾಗುತ್ತೆ ಡಾಕ್ಟರೇ?" ಎಂದೆ.

"ನೋಡೂಣು."

ಬೆಳಿಗ್ಗೆ ಬಂದು ಜ್ವರ ನೋಡಿ, ನೋಡೂಣು ಎನ್ನುವರು. ಸಂಜೆ ಬಂದು ಅದನ್ನೇ ಎನ್ನುವರು. ಒಂದು ಸಲ ನಾನು ತಾಳಲಾರದೆ, "ಬೇರೆ ಏನಾದರೂ ಹೇಳಿ!" ಎಂದು ಕೂಗಿಬಿಟ್ಟೆ. ಅವರು ಕೋಪಿಸಿಕೊಳ್ಳಲಿಲ್ಲ. "ಬ್ಯಾರೆ ಹೇಳಿದರ ಸುಳ್ಳಾಗ್ತದ" ಎಂದು ಲಲಿತಾಳ ಹಣೆಯ ಬಟ್ಟೆಯನ್ನು ತಾವೇ ಒದ್ದೆ ಮಾಡಿ ಹಾಕಿದರು. ಜ್ವರ ಇಳಿಯತೊಡಗಿದ್ದು ಅದಾದ ಕೆಲವು ದಿನಗಳ ಮೇಲೆ, ಮೆಲ್ಲಗೆ, ಒಂದು ದಿನ ಇಳಿದು ಒಂದು ದಿನ ಏರಿ, ನಮ್ಮನ್ನು ಆಟವಾಡಿಸುತ್ತಾ.

ಮಳೆಗಾಲ ಮುಗಿಯುವ ಹೊತ್ತಿಗೆ ಪ್ಲಾಸ್ಟರು ಬಿಚ್ಚಿದರು. ಬೆಣೆ ಬೆಸೆದಿತ್ತು. ಕಾಲುಗಳು ಕಡ್ಡಿಯಾಗಿದ್ದವು; ನಿಲ್ಲಲು ಅವಳು ಮಗುವಿನಂತೆ ಕಲಿಯಬೇಕಾಯಿತು. ಒಂದು ಮಧ್ಯಾಹ್ನ ಡಾಕ್ಟರರು ಮನೆಗೆ ಬಂದು ಅವಳ ಹಿಂದೆ ಮಂಡಿಯೂರಿ, ಕೀಲಿನ ಮೇಲೆ ಹೆಬ್ಬೆರಳಿಟ್ಟು, "ಎಡಗಾಲ ಮ್ಯಾಲ ನಿಲ್ಲು" ಎಂದರು. ಅವಳು ಬಲಗಾಲೆತ್ತಿದಳು. ಡಾಕ್ಟರರು ಕಣ್ಣು ಮುಚ್ಚಿಕೊಂಡಿದ್ದರು. ಮೊದಲು ಮಾತಾಡಿದವಳು ಲಲಿತಾ.

"ಇನ್ನೂ ಎಷ್ಟು ಹೊತ್ತು ನಿಲ್ಲಲಿ ಡಾಕ್ಟ್ರೇ? ಒಲೆ ಮೇಲೆ ಅನ್ನ ಸೀದು ಹೋಗುತ್ತೆ."

ಡಾಕ್ಟರರು ನಕ್ಕದ್ದನ್ನು ನಾನು ಮೊದಲ ಸಲ ನೋಡಿದ್ದು ಅವತ್ತು.

ಮಗನ್‌ಭಾಯಿಗೆ ಈ ಸುದ್ದಿ ಮುಟ್ಟಿಸಿದವರು ಸುರತ್ ಹೋಟೆಲಿನ ಭಟ್ಟರು. ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಅವನು ತಮ್ಮನ ಹೆಗಲು ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದ. ಡಾಕ್ಟರರು ಒಳಗೆ ಕೂತಿದ್ದರು. ಅವರನ್ನು ಕಂಡರೂ ಅವನು ಮಾತಾಡಿಸಲಿಲ್ಲ. ನೇರ ಲಲಿತಾಳ ಕಡೆ ತಿರುಗಿ, "ಬೆನ್, ನೀಚೇ ಬೇಸೋ" ಎಂದ. ಅಕ್ಕಾ, ಕೆಳಗೆ ಕೂತು ತೋರಿಸಿ ಎಂದು.

ಲಲಿತಾ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಕಿಟಕಿಯ ಸರಳು ಹಿಡಿದು ಎದ್ದಳು. ಅವನು ಮತ್ತೆ ಕೂರಲು ಹೇಳಿದ. ಮತ್ತೆ ಕೂತು ಎದ್ದಳು.

"ದುಖೇ ಛೇ?" ನೋಯುತ್ತದೆಯೇ?

ಇಲ್ಲ ಅಂದುಬಿಡಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಲಲಿತಾ ತನ್ನ ಅರೆಬರೆ ಗುಜರಾತಿಯಲ್ಲಿ ಹೇಳಿದಳು: ಸ್ವಲ್ಪ ನೋಯುತ್ತದೆ, ಮೋಡ ಕವಿದ ದಿನ ಜಾಸ್ತಿ ನೋಯುತ್ತದೆ. ಆದರೆ ಮಗುವನ್ನು ಎತ್ತಿಕೊಳ್ಳುತ್ತೇನೆ.

ಮಗನ್‌ಭಾಯಿ ಅವಳ ಮುಖವನ್ನು ನೋಡುತ್ತಾ ನಿಂತ. ಆಮೇಲೆ ಡಾಕ್ಟರರ ಕಡೆ ತಿರುಗಿ, "ಹವೇ ಮಾರುಂ ಕರೋ, ಸಾಹೇಬ್" ಎಂದ. ಇನ್ನು ನನ್ನದು ಮಾಡಿ.

ಆ ಶಸ್ತ್ರಕ್ರಿಯೆ ಚಳಿಗಾಲದಲ್ಲಿ ನಡೆಯಿತು. ತಿಂದುಹೋಗಿದ್ದ ಮೂಳೆಯಲ್ಲಿ ಸ್ಕ್ರೂ ಹಾಕಲು ಜಾಗವೇ ಇರಲಿಲ್ಲ. ಬೆಣೆಯೊಂದರ ಮೇಲೆಯೇ ನಂಬಿಕೆ. ಬೆಸೆಯಲು ಲಲಿತಾಳಿಗಿಂತ ಬಹಳ ಹೆಚ್ಚು ಕಾಲ ಹಿಡಿಯಿತು. ಅವನು ಚಕ್ರದ ಮುಂದೆ ಮತ್ತೆ ಕೂತ, ಆದರೆ ಮೊದಲಿನಂತೆ ಇಡೀ ದಿನವಲ್ಲ. ಡಾಕ್ಟರರು ಅಹಮದಾಬಾದಿಗೆ ವರ್ಗವಾಗಿ ಹೋದ ಮೇಲೂ ಸುರತ್‌ಗೆ ಹೋಗುವುದನ್ನು ಬಿಡಲಿಲ್ಲವಂತೆ.

ನನ್ನ ಕಣ್ಣ ಮುಂದಿರುವುದು ಮಾತ್ರ ಆ ಭಾನುವಾರ. ಮಗನ್‌ಭಾಯಿ ಹಾಗೆಂದ ಮೇಲೆ ಡಾಕ್ಟರರು ಎದ್ದು ಹೋಗಿ ಅವನ ಬೆನ್ನ ಹಿಂದೆ ನಿಂತು ಅಂಗಿ ಮೇಲೆತ್ತಿದರು. ತಾವೇ ಹಾಕಿದ್ದ ಹಳೆಯ ಹೊಲಿಗೆಯ ಗುರುತು ಕಂಡಿತು. ಅದರ ಮೇಲೆ ಅಂಗೈಯಿಟ್ಟರು.

ಮಗನ್‌ಭಾಯಿ ಬೆಚ್ಚಿ ಮುಂದೆ ಸರಿದ. "ಅರೇ ಸಾಹೇಬ್, ಕೈ ಎಷ್ಟು ತಣ್ಣಗಿದೆ!"

ಡಾಕ್ಟರರು ಕೈ ತೆಗೆದರು. ಎರಡು ಅಂಗೈಗಳನ್ನೂ ಒಂದಕ್ಕೊಂದು ಉಜ್ಜಿದರು, ಬಾಯಿಯ ಹತ್ತಿರ ಹಿಡಿದು ಊದಿದರು, ಮತ್ತೆ ಉಜ್ಜಿದರು. ಬೆಚ್ಚಗಾಯಿತೇ ಎಂದು ತಮ್ಮ ಕೆನ್ನೆಗೆ ಮುಟ್ಟಿಸಿ ನೋಡಿಕೊಂಡು, ಅದೇ ಜಾಗದಲ್ಲಿ ಮತ್ತೆ ಇಟ್ಟರು.